ಬೆವರುವ ಮೀನಾ ಡಬ್ಬಿ: ಹರಾಜಿನಲ್ಲಿ ಎನಾಮಲ್ ವಸ್ತು ಕೊಳ್ಳುವವರಿಗೆ

ಓದುಗರ ಪ್ರಶ್ನೆ: ನಾವು ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರು. ನಮ್ಮ ಐನ್‌ಮನೆಯಲ್ಲಿ ಮುತ್ತಜ್ಜನಿಗೆ ಬ್ರಿಟಿಷ್ ಸರ್ಕಾರದಿಂದ ಬಂದ ರಾವ್ ಬಹದ್ದೂರ್ ಬಿರುದಿನ ಬ್ಯಾಡ್ಜ್ ಇದೆ. ಚಿಕ್ಕಂದಿನಿಂದ ಅದನ್ನು ನೋಡಿ ನೋಡಿ ಎನಾಮಲ್ ಕೆಲಸದ ಹಳೆ ವಸ್ತುಗಳ ಹುಚ್ಚು ಹಿಡಿಯಿತು. ಕಳೆದ ವರ್ಷ ಆನ್‌ಲೈನ್ ಹರಾಜಿನಲ್ಲಿ ಎರಡು ಡಬ್ಬಿ ಕೊಂಡೆ. ಒಂದು, ನೀಲಿ-ಹಸಿರು ಮೀನಾ (ಎನಾಮಲ್) ಕೆಲಸದ ಬೆಳ್ಳಿ ಡಬ್ಬಿ. ‘ಲಖನೌ, 19ನೇ ಶತಮಾನ’ ಎಂದು ಬರೆದಿದ್ದರು. ಇನ್ನೊಂದು, ತಾಮ್ರದ ಮೇಲೆ ಹೂವಿನ ಚಿತ್ರವಿರುವ ಪುಟ್ಟ ಡಬ್ಬಿ. ‘ಬ್ಯಾಟರ್‌ಸೀ’ ಅಂತ ಹೆಸರಿಸಿದ್ದರು. ಎರಡೂ ಸೇರಿ ಕೂಗಿದ್ದು 40 ಸಾವಿರಕ್ಕೆ, ಕೈಗೆ ಬರುವಷ್ಟರಲ್ಲಿ 60 ಸಾವಿರ ದಾಟಿತ್ತು. ಈ ಮಳೆಗಾಲದಲ್ಲಿ ಬೆಳ್ಳಿ ಡಬ್ಬಿಯ ನೀಲಿ ಭಾಗ ಅಂಟಂಟಾಗಿದೆ, ಹಸಿರು ಚೆನ್ನಾಗಿದೆ. ಒರೆಸಿದರೆ ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ. ಒಂದು ಮೂಲೆಯಲ್ಲಿ ಚೂರು ಹಾರಿಹೋಗಿದೆ. ‘ಅಸಲಿ ಮೀನಾ ಒಡೆಯಲ್ಲ, ನಿನಗೆ ಟೋಪಿ ಹಾಕಿದ್ದಾರೆ’ ಅಂತಾರೆ ನಮ್ಮ ಮಾವ. ಮೈಸೂರಿನ ಅಕ್ಕಸಾಲಿಗರೊಬ್ಬರು ಹಳೇದನ್ನು ತೆಗೆದು ಹೊಸ ಮೀನಾ ತುಂಬಿ ಕೊಡುತ್ತೇನೆ ಅಂದಿದ್ದಾರೆ. ಮಾಡಿಸಲೇ? ಮುಂದಿನ ತಿಂಗಳು ಲಂಡನ್ನಿನ ಹರಾಜೊಂದರಲ್ಲಿ ಒಂದು ರಾವ್ ಬಹದ್ದೂರ್ ಬ್ಯಾಡ್ಜ್ ಮತ್ತು ನೀಲಿ ಎನಾಮಲ್‌ನ ಸಿಗರೇಟ್ ಕೇಸ್ ಬರುತ್ತಿದೆ. ಕೂಗಬಹುದಾ?

ಉತ್ತರ:

ಬೆಳ್ಳಿ ಡಬ್ಬಿಯಿಂದಲೇ ಶುರು ಮಾಡೋಣ, ಅದು ಕಾಯುವ ಸ್ಥಿತಿಯಲ್ಲಿಲ್ಲ. ಮೈಸೂರಿನ ಅಕ್ಕಸಾಲಿಗರಿಗೆ ಇವತ್ತೇ ಫೋನ್ ಮಾಡಿ ‘ಸದ್ಯಕ್ಕೆ ಬೇಡ’ ಅಂತ ಹೇಳಿಬಿಡಿ. ಕಾರಣ ಆಮೇಲೆ ಬರೆಯುತ್ತೇನೆ. ಡಬ್ಬಿಯನ್ನು ಬೀರುವಿನಿಂದ ಹೊರಗೆ ತೆಗೆದು, ಗಾಳಿಯಾಡುವ ಒಣ ಕೋಣೆಯಲ್ಲಿ ಹತ್ತಿ ಬಟ್ಟೆಯ ಮೇಲಿಡಿ. ಹಾರಿದ ಚೂರು ಸಿಕ್ಕಿದ್ದರೆ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ. ಫೆವಿಕ್ವಿಕ್ ಹಾಕಿ ಅಂಟಿಸಬೇಡಿ.

ನಿಮ್ಮ ಮಾವನವರು ಹೇಳಿದ ಮಾತನ್ನು ನಾನು ಎಲ್ಲ ಊರಲ್ಲೂ ಕೇಳಿದ್ದೇನೆ. ಅದು ನಿಜ ಅಲ್ಲ. ಎನಾಮಲ್ ಅಂದರೆ ಗಾಜು, ಬೇರೇನಲ್ಲ. ಬಣ್ಣದ ಗಾಜನ್ನು ನುಣ್ಣಗೆ ಅರೆದು, ಲೋಹದ ಮೇಲೆ ತುಂಬಿ, ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೆಲವೇ ನಿಮಿಷ ಸುಡುತ್ತಾರೆ. ಗಾಜು ಕರಗಿ ಲೋಹವನ್ನು ಕಚ್ಚಿಕೊಳ್ಳುತ್ತದೆ. ತಣ್ಣಗಾಗುವಾಗ ಲೋಹ ಜಾಸ್ತಿ ಕುಗ್ಗುತ್ತದೆ, ಗಾಜು ಅಷ್ಟು ಕುಗ್ಗುವುದಿಲ್ಲ. ಈ ಎಳೆದಾಟ ವಸ್ತು ಇರುವವರೆಗೂ ಒಳಗೆ ಇದ್ದೇ ಇರುತ್ತದೆ. ಅದಕ್ಕೇ ತೆಳು ತಗಡಿನ ಕೆಲಸದಲ್ಲಿ ನುರಿತವರು ಹಿಂಬದಿಗೂ ಒಂದು ಪದರ ಎನಾಮಲ್ ಹಾಕಿ ಎರಡೂ ಕಡೆ ಸಮ ಮಾಡುತ್ತಿದ್ದರು. ಬಿದ್ದರೆ, ಬಾಗಿದರೆ, ತಟ್ಟನೆ ಬಿಸಿ ತಾಗಿದರೆ ಅಸಲಿ ಎನಾಮಲ್ ಒಡೆದೇ ಒಡೆಯುತ್ತದೆ. ಒಡೆಯದೆ ಮೆತ್ತಗೆ ಸಿಪ್ಪೆಯ ಹಾಗೆ ಏಳುವುದು ನಕಲಿ, ಅಂದರೆ ಸುಡದೆ ಹಾಕಿದ ಎಪಾಕ್ಸಿ (ಪ್ಲಾಸ್ಟಿಕ್ ಜಾತಿಯ) ಬಣ್ಣ.

ಹಾಗಾಗಿ ನಿಮ್ಮ ಡಬ್ಬಿಯ ಒಡೆದ ಮೂಲೆಯೇ ಒಳ್ಳೆಯ ಸಾಕ್ಷಿ. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಲೂಪ್ ಒಂದನ್ನು ತರಿಸಿಕೊಳ್ಳಿ, ಚಿನ್ನದ ಅಂಗಡಿಯವರು ಕಣ್ಣಿಗೆ ಹಿಡಿಯುತ್ತಾರಲ್ಲ, ಅದೇ. ಹಗಲು ಬೆಳಕಲ್ಲಿ ಆ ಅಂಚನ್ನು ನೋಡಿ. ಒಡೆದ ಸೋಡಾ ಬಾಟಲಿಯ ಅಂಚಿನ ಹಾಗೆ ಹೊಳಪಿನ, ಬಾಗಿದ ಮುರಿತ ಕಂಡರೆ ಅದು ಗಾಜು. ಮೇಲ್ಮೈಯಲ್ಲಿ, ಒಳಗೆ ಸೂಜಿಮೊನೆಯಷ್ಟು ಗುಳ್ಳೆಗಳು ಕಾಣಬಹುದು. ಹಳೆ ಕೆಲಸದಲ್ಲಿ ಅದು ಸಹಜ. ಎನಾಮಲ್ ಹೋದ ಜಾಗದಲ್ಲಿ ಲೋಹದ ತಳ ನೋಡಿ. ಗಾಜು ಹಿಡಿದುಕೊಳ್ಳಲಿ ಅಂತ ಕಾರಿಗರು ಉಳಿಯಿಂದ ಗೆರೆ ಗೆರೆ ಕೆತ್ತಿರುತ್ತಾರೆ. ಆ ಗೆರೆಗಳು ಕೈಕೆಲಸದಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಹೊಸ ಮಾಲಾದರೆ ತಳ ನಯವಾಗಿ, ಅಂಚುಗಳು ಮೊಂಡಾಗಿ ಇರುತ್ತವೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ಹರಾಜಿನ ಪಟ್ಟಿಗಳಲ್ಲಿ ‘ಎನಾಮಲ್’ ಅಂತ ಬರೆದ ಹಿತ್ತಾಳೆ ಹೂದಾನಿ, ತಟ್ಟೆಗಳಲ್ಲಿ ಎಷ್ಟೋ ಮೊರಾದಾಬಾದಿನವು. ಅವುಗಳಲ್ಲಿ ಕೆತ್ತನೆಯೊಳಗೆ ತುಂಬಿರುವುದು ಬಣ್ಣದ ಅರಗು, ಗಾಜಲ್ಲ. ಅವೂ ಚೆಂದದ ವಸ್ತುಗಳೇ, ಆದರೆ ಬೆಲೆ ಬೇರೆ, ನೋಡಿಕೊಳ್ಳುವ ರೀತಿಯೂ ಬೇರೆ. ನಮ್ಮ ಬೀದರಿನ ಬಿದ್ರಿ ಕೆಲಸದ ಕಪ್ಪೂ ಎನಾಮಲ್ ಅಲ್ಲ. ಅದು ಸತುವಿನ ಮಿಶ್ರಲೋಹಕ್ಕೆ ಕೋಟೆಯ ಮಣ್ಣು, ನವಸಾಗರ ಹಚ್ಚಿ ಬರಿಸಿದ ಕಪ್ಪು.

ಒಟ್ಟಾರೆ, ನೀವು ಬರೆದದ್ದು ಮತ್ತು ಕಳಿಸಿದ ಫೋಟೋ ನೋಡಿದರೆ ನಿಮ್ಮದು ಸುಟ್ಟ ಗಾಜಿನ ಕೆಲಸವೇ. ಬೆಳ್ಳಿಯ ಮೇಲೆ ನೀಲಿ-ಹಸಿರು ಇರುವುದೂ ಸರಿಯಾಗಿದೆ. ತಿಳಿ ಕೆಂಪು ಚಿನ್ನದ ಮೇಲೆ ಚೆನ್ನಾಗಿ ಕೂರುತ್ತದೆ, ಬೆಳ್ಳಿಯ ಮೇಲೆ ಕಂದು ಬಣ್ಣಕ್ಕೆ ತಿರುಗುವುದು ಜಾಸ್ತಿ. ಅದಕ್ಕೇ ಜೈಪುರದ ಚಿನ್ನದಲ್ಲಿ ಕೆಂಪು ಮೆರೆಯುತ್ತದೆ, ಉತ್ತರದ ಬೆಳ್ಳಿ ಕೆಲಸದಲ್ಲಿ ನೀಲಿ-ಹಸಿರು. ಆದರೆ ‘ಲಖನೌ’ ಅಂತ ಅಷ್ಟು ಖಚಿತವಾಗಿ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಇದೇ ಬಣ್ಣಗಳ ಕೆಲಸ ಮುಲ್ತಾನ್, ಕಾಂಗ್ರಾ, ಕಾಶ್ಮೀರದಲ್ಲೂ ನಡೆಯುತ್ತಿತ್ತು.

ಈಗ ಆ ಅಂಟಿನ ವಿಷಯ. ನನಗೆ ನಿಜವಾಗಿ ಕಳವಳ ಹುಟ್ಟಿಸಿದ್ದು ಇದೇ.

ಗಾಜು ಮಾಡುವಾಗ ಬೇಗ ಕರಗಲಿ ಅಂತ ಸೋಡಾ ಅಥವಾ ಪೊಟ್ಯಾಷ್ ಹಾಕುತ್ತಾರೆ. ಗಟ್ಟಿಯಾಗಿ ನಿಲ್ಲಲಿ ಅಂತ ಸುಣ್ಣದ ಅಂಶ ಬೇಕು. ಸೋಡಾ-ಪೊಟ್ಯಾಷ್ ಹೆಚ್ಚಾಗಿ ಸುಣ್ಣ ಕಡಿಮೆಯಾದರೆ ಆ ಗಾಜು ಹುಟ್ಟಿನಿಂದಲೇ ದುರ್ಬಲ. ಗಾಳಿಯ ತೇವ ತಾಗಿದಾಗ ಒಳಗಿನ ಕ್ಷಾರ ನಿಧಾನವಾಗಿ ಹೊರಗೆ ಬರುತ್ತದೆ, ಅದು ಇನ್ನಷ್ಟು ನೀರು ಎಳೆದುಕೊಳ್ಳುತ್ತದೆ. ಮೇಲ್ಮೈ ಬೆವರಿದ ಹಾಗೆ ಆಗುತ್ತದೆ. ಬೇಸಿಗೆಯಲ್ಲಿ ಅದೇ ಒಣಗಿ ಬಿಳಿ ಪುಡಿಯಾಗುತ್ತದೆ. ಹೀಗೆ ವರ್ಷಗಟ್ಟಲೆ ನಡೆದರೆ ಕೂದಲೆಳೆಯಂಥ ಬಿರುಕುಗಳು ಎದ್ದು, ಕೊನೆಗೆ ಚೂರು ಚೂರಾಗಿ ಉದುರುತ್ತದೆ. ನಿಮ್ಮ ಡಬ್ಬಿಯಲ್ಲಿ ನೀಲಿ ಮಾತ್ರ ಬೆವರುತ್ತಿದೆ, ಹಸಿರು ಚೆನ್ನಾಗಿದೆ ಅಂದಿರಲ್ಲ, ಅದು ಈ ರೋಗದ್ದೇ ಗುರುತು. ಒಂದೊಂದು ಬಣ್ಣವೂ ಒಂದೊಂದು ಪಾಕದ ಗಾಜು. ಒಂದು ಕೆಟ್ಟರೆ ಪಕ್ಕದ್ದು ಕೆಡಬೇಕೆಂದಿಲ್ಲ.

ಬೇರೆ ಕಾರಣ ಇರಬಹುದಾ ಅಂತ ನೀವೇ ನೋಡಿಕೊಳ್ಳಬಹುದು. ಹಿಂದಿನ ಮಾಲೀಕರು ಬೆಳ್ಳಿ ಪಾಲಿಶ್ ಹಾಕಿ ಸರಿಯಾಗಿ ಒರೆಸದೆ ಬಿಟ್ಟಿದ್ದರೆ ಬಿಳಿ ಪುಡಿ ಸಂದಿಗಳಲ್ಲಿ ಮಾತ್ರ ಕೂತಿರುತ್ತದೆ, ಒಮ್ಮೆ ತೆಗೆದರೆ ಮರಳಿ ಬರುವುದಿಲ್ಲ. ಕೊಡಗಿನ ಮನೆಗಳಲ್ಲಿ ಎಲ್ಲದಕ್ಕೂ ಹಿಡಿಯುವ ಬೂಷ್ಟಾದರೆ ನಯವಾದ ರೋಮದ ಹಾಗೆ ಕಾಣುತ್ತದೆ, ಬಣ್ಣ ನೋಡಿ ಹಿಡಿಯುವುದಿಲ್ಲ. ಒಂದೇ ಬಣ್ಣದ ಮೇಲೆ, ಬೆರಳಿಗೆ ಸೋಪಿನಂತೆ ಜಾರುವ ತೇವ ಮತ್ತೆ ಮತ್ತೆ ಬಂದರೆ ಗಾಜೇ ಅಳುತ್ತಿದೆ ಅಂತ ಅರ್ಥ. ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ಅದು ಕ್ಷಾರ.

ಇದನ್ನು ಪೂರ್ತಿ ಗುಣ ಮಾಡಲು ಆಗುವುದಿಲ್ಲ. ತಡೆಯಬಹುದು, ಅದೂ ಬಹಳ ಮಟ್ಟಿಗೆ. ಇಂಥ ಗಾಜಿಗೆ ಗಾಳಿಯ ತೇವ 40ರಿಂದ 50 ಪ್ರತಿಶತದೊಳಗೆ ಅಲುಗಾಡದೆ ಇರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಗಾಳಿ ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಅದೇ ಮನೆ ಒಣಗಿರುತ್ತದೆ. ಈ ಏರಿಳಿತವೇ ದೊಡ್ಡ ಶತ್ರು. ಬೀರುವಿನೊಳಗೆ ಬಲ್ಬ್ ಉರಿಸಿಡುವ ಉಪಾಯ ಬಟ್ಟೆಗೆ ಸರಿ, ಎನಾಮಲ್‌ಗೆ ಬೇಡ. ಹಗಲು ಬಿಸಿ, ಕರೆಂಟ್ ಹೋದಾಗ ತಂಪು, ಹೀಗಾದರೆ ಗಾಜು-ಲೋಹದ ಎಳೆದಾಟ ಹೆಚ್ಚುತ್ತದೆ.

ಮಾಡಬೇಕಾದ್ದು ದುಬಾರಿಯಲ್ಲ. ಬಿಗಿಯಾದ ಮುಚ್ಚಳದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ, ಊಟದ ಸಾಮಾನು ಇಡುವ ಒಳ್ಳೆ ಗುಣಮಟ್ಟದ್ದು, ತಗೊಳ್ಳಿ. ಬೆಳ್ಳಿ ಡಬ್ಬಿಯನ್ನು ಅದರೊಳಗಿಟ್ಟು, ಜೊತೆಗೆ ಪುಟ್ಟ ಡಿಜಿಟಲ್ ತೇವಮಾಪಕ ಇಡಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಜಾಲರಿ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಇಡಿ, ಬೆಳ್ಳಿ ಡಬ್ಬಿಗೆ ತಾಗದ ಹಾಗೆ. ಮಾಪಕ 40ಕ್ಕಿಂತ ಕೆಳಗೆ ಇಳಿದರೆ ಸ್ವಲ್ಪ ಜೆಲ್ ಹೊರಗೆ ತೆಗೆಯಿರಿ. ತೀರಾ ಒಣಗಿದರೂ ಈ ಗಾಜು ಬಿರಿಯುತ್ತದೆ, ಇದನ್ನು ಜನ ಮರೆಯುತ್ತಾರೆ. ಮಾಪಕ ಏರತೊಡಗಿದಾಗ ಹೊಸ ಜೆಲ್ ಹಾಕಿ. ಮರದ ಪೆಟ್ಟಿಗೆ ಬೇಡ. ಬೀಟೆಯಿರಲಿ, ತೇಗವಿರಲಿ, ಪ್ಲೈವುಡ್ ಆಗಲಿ, ಮರ ಹುಳಿ ಆವಿಯನ್ನು ಬಿಡುತ್ತಲೇ ಇರುತ್ತದೆ. ಆ ಆವಿ, ಗಾಜಿನ ಕ್ಷಾರ, ಲೋಹದಲ್ಲಿರುವ ತಾಮ್ರ ಮೂರೂ ಸೇರಿದರೆ ಎನಾಮಲ್ ಅಂಚಿನಲ್ಲಿ ಹಸಿರು-ನೀಲಿ ಕಿಲುಬು ಎದ್ದು ಗಾಜನ್ನು ಕೆಳಗಿಂದ ಮೇಲೆತ್ತುತ್ತದೆ. ಕಿಲುಬು ಇದ್ದರೆ ಹಳೇದು, ಅಸಲಿ ಅಂತ ಕೆಲವರು ಖುಷಿಪಡುತ್ತಾರೆ. ಒಂದೇ ಮಳೆಗಾಲದಲ್ಲಿ ಕಿಲುಬು ಬರುತ್ತದೆ. ಅದು ವಯಸ್ಸನ್ನು ಹೇಳುವುದಿಲ್ಲ, ಆರೈಕೆ ಕಡಿಮೆಯಾಗಿದೆ ಅಂತ ಮಾತ್ರ ಹೇಳುತ್ತದೆ.

ಹುಣಸೆಹಣ್ಣು, ನಿಂಬೆ, ಟೂತ್‌ಪೇಸ್ಟ್, ಅಂಗಡಿಯ ಬೆಳ್ಳಿ ಡಿಪ್ ಯಾವುದನ್ನೂ ಹಚ್ಚಬೇಡಿ. ಹುಳಿ ಗಾಜನ್ನೇ ತಿನ್ನುತ್ತದೆ. ಚಿನ್ನದಂಗಡಿಯ ಅಲ್ಟ್ರಾಸಾನಿಕ್ ಮೆಷಿನ್ನಿಗೆ ಹಾಕಿದರಂತೂ ಬಿರುಕು ಬಿಟ್ಟ ಎನಾಮಲ್ ಅಲ್ಲೇ ಉದುರಿ ಹೋಗಬಹುದು.

ಇನ್ನು ಅಕ್ಕಸಾಲಿಗರು ಹೇಳಿದ ಹೊಸ ಮೀನಾ. ಅವರು ಒಳ್ಳೆ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಹೊಸ ಮೀನಾ ಕೂರಬೇಕಾದರೆ ಡಬ್ಬಿ ಮತ್ತೆ ಬೆಂಕಿಗೆ ಹೋಗಬೇಕು. ಮುಚ್ಚಳದ ಕೀಲು, ಸುತ್ತಿನ ಪಟ್ಟಿ ಇವೆಲ್ಲ ಬೆಸುಗೆಯಲ್ಲಿ ನಿಂತಿವೆ. ಹಳೆ ಬೆಸುಗೆ ಎಷ್ಟು ಬಿಸಿಗೆ ಕರಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಚಿನ್ನದ ಲೇಪ (ಗಿಲ್ಟ್) ಇದ್ದರೆ ಕೆಡುತ್ತದೆ. ಉಳಿದ ಹಳೆ ಬಣ್ಣಗಳು ಕುದ್ದು ಗುಳ್ಳೆ ಏಳುತ್ತವೆ, ಇಲ್ಲವೇ ಮಂಕಾಗುತ್ತವೆ. ಹಾಗಾಗಿ ಕೊನೆಗೆ ಎಲ್ಲವನ್ನೂ ಕೆರೆದು ಹೊಸದು ತುಂಬುವ ಹಾಗಾಗುತ್ತದೆ. ಆಗ ನಿಮ್ಮ ಕೈಗೆ ಬರುವುದು ಹಳೆ ಬೆಳ್ಳಿಯ ಮೇಲೆ ಹೊಸ ಮೀನಾ. ನೋಡಲು ಮಿರಮಿರ ಮಿಂಚುತ್ತದೆ, ಆದರೆ ಯಾವ ಸಂಗ್ರಾಹಕರೂ ಹಳೆ ಬೆಲೆ ಕೊಡುವುದಿಲ್ಲ. ಒಮ್ಮೆ ಮಾಡಿಸಿದರೆ ಹಿಂದಕ್ಕೆ ಹೋಗುವ ದಾರಿಯಿಲ್ಲ.

ಬೇರೆ ದಾರಿ ಏನಿದೆ ಅಂದರೆ, ಸಂರಕ್ಷಣೆ ಕಲಿತವರು ಅದನ್ನು ಶುದ್ಧ ನೀರು, ಆಲ್ಕೋಹಾಲ್ ಬಳಸಿ ಎಚ್ಚರಿಕೆಯಿಂದ ಒರೆಸಿ, ಏಳುತ್ತಿರುವ ಅಂಚುಗಳಿಗೆ ಮತ್ತೆ ಬಿಡಿಸಬಹುದಾದ ರೆಸಿನ್ (ಅಂಟು ರಾಳ) ಹಾಕಿ ಹಿಡಿಸುತ್ತಾರೆ. ಹಾರಿದ ಚೂರನ್ನೂ ಹಾಗೇ ಕೂರಿಸಬಹುದು. ಚೂರು ಕಳೆದಿದ್ದರೆ ಬಣ್ಣ ಸೇರಿಸಿದ ರೆಸಿನ್‌ನಿಂದ ತುಂಬಬಹುದು. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ, ಗೊತ್ತಾಗಲೂಬೇಕು. ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ಮೊದಲು ಅಲ್ಲಿ ತೋರಿಸಿ. ನಿಮ್ಮ ಡಬ್ಬಿಗೆ ನಾನು ಸೂಚಿಸುವುದು ಒರೆಸಿ, ಅಂಚು ಹಿಡಿಸಿ, ತುಂಬದೆ ಬಿಡುವುದು. ಒಂದು ಮೂಲೆ ಖಾಲಿ ಇದ್ದರೆ ಡಬ್ಬಿಗೆ ಏನೂ ಕಡಿಮೆಯಾಗುವುದಿಲ್ಲ.

ಬೆಸುಗೆಯ ಮಾತು ಬಂದಾಗ ನಿಮ್ಮ ಮುತ್ತಜ್ಜನ ಬ್ಯಾಡ್ಜ್ ನೆನಪಾಯಿತು. ನನ್ನ ಹತ್ತಿರ ಬರುವ ಹಾಳಾದ ಬ್ಯಾಡ್ಜ್‌ಗಳಲ್ಲಿ ಬಹುಪಾಲು ಬಿದ್ದು ಒಡೆದವಲ್ಲ. ಹಿಂದಿನ ಪಿನ್ ಕಿತ್ತುಹೋಯಿತು ಅಂತ ಮದುವೆಗೆ ಮುಂಚೆ ಅವಸರದಲ್ಲಿ ಬೆಸುಗೆ ಹಾಕಿಸಿ ಸುಟ್ಟುಕೊಂಡವು. ಗ್ಯಾಸ್ ಬೆಂಕಿ ಹಿಂಬದಿಗೆ ತಾಗುತ್ತದೆ, ಮುಂಬದಿಯ ಗಾಜು ಸಿಡಿಯುತ್ತದೆ. ಪಿನ್ ಹೋದರೆ ಹೋಗಲಿ, ಬ್ಯಾಡ್ಜನ್ನು ಬೆಂಕಿಗೆ ಹಿಡಿಯಬೇಡಿ.

ಎರಡನೇ ಡಬ್ಬಿ. ಲಂಡನ್ನಿನ ಬ್ಯಾಟರ್‌ಸೀಯ ಯಾರ್ಕ್ ಹೌಸ್ ಕಾರ್ಖಾನೆ ನಡೆದದ್ದು 1753ರಿಂದ 1756ರವರೆಗೆ, ಮೂರೇ ವರ್ಷ. ಆದರೆ ಆ ಹೆಸರಲ್ಲಿ ಜಗತ್ತಿನಾದ್ಯಂತ ಮಾರಾಟವಾಗುವ ಡಬ್ಬಿಗಳಿಗೆ ಲೆಕ್ಕವಿಲ್ಲ. ಹೆಚ್ಚಿನವು ಇಂಗ್ಲೆಂಡಿನ ಬಿಲ್‌ಸ್ಟನ್ ಮತ್ತು ಸುತ್ತಮುತ್ತಲಿನ ಸ್ಟಾಫರ್ಡ್‌ಶೈರ್ ಊರುಗಳಲ್ಲಿ ಆದವು. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಸ್ಯಾಮ್ಸನ್ ಕಂಪನಿ ಮಾಡಿದ ಪ್ರತಿಗಳೂ ಬಹಳ. 1970ರಲ್ಲಿ ಲಂಡನ್ನಿನ ಹ್ಯಾಲ್ಸಿಯನ್ ಡೇಸ್ ಈ ಕಲೆಗೆ ಮರುಜೀವ ಕೊಟ್ಟು ಹೊಸ ಡಬ್ಬಿ ಮಾಡಿಸತೊಡಗಿತು. ಅವರದ್ದರಲ್ಲಿ ಹೆಸರು ಬರೆದೇ ಇರುತ್ತದೆ. ನಿಮ್ಮದರ ಮುಚ್ಚಳದ ಒಳಗೆ, ತಳದಲ್ಲಿ ನೋಡಿ. ನಿಮಗೆ ಮೋಸವಾಗಿದೆ ಅಂತ ನಾನು ಹೇಳುತ್ತಿಲ್ಲ. ಆ ಡಬ್ಬಿಗೆ ನೀವು ಕೊಟ್ಟ ಪಾಲು ಬಿಲ್‌ಸ್ಟನ್ ಡಬ್ಬಿಗೆ ನ್ಯಾಯವಾದ ಬೆಲೆಯೇ. ಅಸಲಿ ಯಾರ್ಕ್ ಹೌಸ್ ಡಬ್ಬಿ ಆ ದುಡ್ಡಿಗೆ ಸಿಗುವುದಿಲ್ಲ ಅಷ್ಟೇ.

ಇಂಥ ಹೆಸರು ಇನ್ನೂ ಇವೆ. ಚೀನಾದ ತಂತಿ-ಎನಾಮಲ್ ಪಾತ್ರೆಗಳ ತಳದಲ್ಲಿ ಜಿಂಗ್‌ತಾಯ್ ದೊರೆಯ ಮುದ್ರೆ ಇರುತ್ತದೆ. ಅವನು ಆಳಿದ್ದು 1450ರ ದಶಕದಲ್ಲಿ, ಮುದ್ರೆ ಮಾತ್ರ ಇವತ್ತಿನವರೆಗೂ ಬೀಳುತ್ತಲೇ ಇದೆ. ರಷ್ಯಾದ ಹೆಸರಾಂತ ಆಭರಣ ತಯಾರಕ ಫಾಬರ್ಜೆ ಹೆಸರಿನ ನಕಲಿಗಳ ಕಥೆಯಂತೂ ಕೇಳಲೇಬೇಡಿ. ಹರಾಜು ಪಟ್ಟಿಯಲ್ಲಿ ‘ಶೈಲಿಯ’, ‘ಎಂದು ಹೇಳಲಾದ’, ‘ಮುದ್ರೆ ಇದೆ’ ಎಂಬ ಮಾತು ಬಂದಾಗ ನಿಂತು ಓದಿ. ‘ಫಾಬರ್ಜೆ ಮುದ್ರೆ ಇದೆ’ ಅಂದರೆ ಮುದ್ರೆ ಇದೆ ಅಂತ ಮಾತ್ರ. ಮಾಡಿದ್ದು ಅವರೇ ಅಂತ ಹರಾಜಿನವರು ಹೇಳಿಲ್ಲ. ಆಮೇಲೆ ಜಗಳ ಆಡಿದರೆ ಗೆಲ್ಲುವುದಿಲ್ಲ.

ಈಗ ಲಂಡನ್ ಹರಾಜು. ಬ್ಯಾಡ್ಜ್ ಬಗ್ಗೆ ನನಗೆ ಉತ್ಸಾಹ ಇದೆ. ಈ ಬಿರುದಿನ ಬ್ಯಾಡ್ಜ್‌ಗಳು ಶುರುವಾದದ್ದು 1911ರ ದೆಹಲಿ ದರ್ಬಾರಿನಲ್ಲಿ, ಮುಗಿದದ್ದು 1947ಕ್ಕೆ. ಕೊಡಗಿನ ಮನೆತನಗಳಿಗೂ ಬಂದಿವೆ, ನಿಮ್ಮ ಮನೆಯೇ ಸಾಕ್ಷಿ. ಹಿಂಭಾಗದಲ್ಲಿ ಪಡೆದವರ ಹೆಸರು ಕೆತ್ತಿರುವುದುಂಟು. ಬೆಲೆಯ ಬಹುಪಾಲು ಆ ಹೆಸರಿನಲ್ಲಿದೆ. ಅದಕ್ಕೇ ಹೆಸರು ಅಳಿಸಿ ಬೇರೆ ಹೆಸರು ಕೆತ್ತುವವರೂ ಇದ್ದಾರೆ. ಹಿಂಭಾಗದ ಫೋಟೋವನ್ನು ಓರೆ ಬೆಳಕಲ್ಲಿ ತೆಗೆದು ಕಳಿಸಿ ಅಂತ ಕೇಳಿ. ಹೆಸರಿರುವ ಜಾಗ ಸುತ್ತಲಿಗಿಂತ ತಗ್ಗಾಗಿ, ನುಣುಪಾಗಿ ಕಂಡರೆ ಬಿಟ್ಟುಬಿಡಿ. ಹೆಸರು ಸಿಕ್ಕರೆ ಸರ್ಕಾರದ ಹಳೆ ಗೆಜೆಟ್ಟಿನಲ್ಲಿ ಹುಡುಕಬಹುದು. ಬಿರುದುಗಳ ಪಟ್ಟಿ ಹೊಸ ವರ್ಷಕ್ಕೆ ಮತ್ತು ದೊರೆಯ ಹುಟ್ಟುಹಬ್ಬಕ್ಕೆ ಬರುತ್ತಿತ್ತು.

ಎನಾಮಲ್ ಚೆನ್ನಾಗಿದೆಯಾ ಅಂತ ನೋಡುವಾಗ ಚಾಚಿಕೊಂಡ ತುದಿಗಳನ್ನೇ ನೋಡಿ. ಪದಕಗಳು ಎದೆಯ ಮೇಲೆ ಒಂದಕ್ಕೊಂದು ಬಡಿಯುತ್ತವೆ. ಎರಡನೇ ಮಹಾಯುದ್ಧದಲ್ಲಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರಿಗೆ ಬಂದ ಡಿ.ಎಸ್.ಓ. (ಬ್ರಿಟಿಷ್ ಕಾಲದ ಸೇನಾಧಿಕಾರಿಗಳ ಪದಕ) ಇದೆಯಲ್ಲ, ಅದು ಬಿಳಿ ಎನಾಮಲ್ ಶಿಲುಬೆ. ಆ ಜಾತಿಯ ಪದಕದ ತೋಳಿನ ತುದಿಗಳಲ್ಲಿ ಸಣ್ಣ ಚೂರು ಹೋಗಿರುವುದು ತೀರಾ ಸಾಮಾನ್ಯ. ತೊಟ್ಟು ಓಡಾಡಿದ ಪದಕದ ಗುರುತು ಅದು, ನಾನು ದೋಷ ಅಂತ ಹಿಡಿಯುವುದಿಲ್ಲ. ಎಲ್ಲ ತುದಿಯೂ ಹೊಚ್ಚ ಹೊಸದಾಗಿ, ಬಿಳಿ ತುಸು ಮೇಣದಂತೆ ಕಂಡರೆ ಅಲ್ಲಿ ರೆಸಿನ್ ತುಂಬಿರಬಹುದು. ನೇರಳಾತೀತ ಟಾರ್ಚ್ ಹಿಡಿದರೆ ಎಷ್ಟೋ ರೆಸಿನ್‌ಗಳು ಪಕ್ಕದ ಗಾಜಿಗಿಂತ ಬೇರೆಯಾಗಿ ಹೊಳೆಯುತ್ತವೆ. ಆ ಫೋಟೋವನ್ನೂ ಕೇಳಿ ಪಡೆಯಿರಿ, ಒಳ್ಳೆ ಹರಾಜಿನವರು ಬೇಸರ ಮಾಡಿಕೊಳ್ಳುವುದಿಲ್ಲ. ಹಾಗೇ, ಯಾರಾದರೂ ಈಸ್ಟ್ ಇಂಡಿಯಾ ಕಂಪನಿ ಕೊಟ್ಟ 1837ರ ‘ಕೂರ್ಗ್ ಮೆಡಲ್’ ಅಂತ ಎನಾಮಲ್ ಇರುವ ಪದಕ ತೋರಿಸಿದರೆ ಮಾತೇ ಬೇಡ. ಆ ಪದಕ ಬರಿಯ ಚಿನ್ನ, ಬೆಳ್ಳಿಯದು. ಅದಕ್ಕೆ ಎನಾಮಲ್ ಇಲ್ಲವೇ ಇಲ್ಲ, ಮರು ಅಚ್ಚು ಮತ್ತು ಪ್ರತಿಗಳು ಬೇಕಾದಷ್ಟಿವೆ.

ಸಿಗರೇಟ್ ಕೇಸ್ ವಿಷಯದಲ್ಲಿ ನಾನು ನಿಮ್ಮನ್ನು ಹಿಂದಕ್ಕೆ ಎಳೆಯುತ್ತೇನೆ. ಬೆಳ್ಳಿಯ ಮೇಲೆ ಮೆಷಿನ್ನಿನಿಂದ ಅಲೆ ಅಲೆ ಗೆರೆ ಕೊರೆದು ಅದರ ಮೇಲೆ ತಿಳಿ ಎನಾಮಲ್ ಹಾಕಿರುತ್ತಾರೆ. ಕೈಯಲ್ಲಿ ಹಿಡಿದು ತಿರುಗಿಸಿದರೆ ಒಳಗೆ ನೀರು ಅಲುಗಿದ ಹಾಗೆ ಕಾಣುತ್ತದೆ, ಮನಸೋಲುವುದು ಸಹಜ. ಆದರೆ ಎನಾಮಲ್‌ನಲ್ಲಿ ರಿಪೇರಿಗೆ ಅತಿ ಕಷ್ಟವಾದದ್ದು ಇದು. ಕೀಲಿನ ಪಕ್ಕ, ಮೂಲೆಗಳಲ್ಲಿ ಬಿರುಕಿರುತ್ತದೆ. ನೇರ ಬೆಳಕಿನ ಫೋಟೋದಲ್ಲಿ ಅದು ಕಾಣುವುದೇ ಇಲ್ಲ. ಓರೆ ಬೆಳಕಿನಲ್ಲಿ ಅಲೆಗೆರೆಗಳು ಎಲ್ಲಾದರೂ ಮಸುಕಾಗಿ, ಮಂಜು ಹಿಡಿದಂತೆ ಕಂಡರೆ ಅಲ್ಲಿ ಆಮೇಲೆ ತುಂಬಿದ್ದಾರೆ ಅಂತ ತಿಳಿಯಿರಿ. ಬರ್ಮಿಂಗ್‌ಹ್ಯಾಮಿನ ಲಂಗರು ಮುದ್ರೆ, ವರ್ಷದ ಅಕ್ಷರ ಇದ್ದರೆ ಬೆಳ್ಳಿಯ ವಯಸ್ಸು ಖಚಿತವಾಗುತ್ತದೆ. ಎನಾಮಲ್‌ನ ವಯಸ್ಸು ಅದರಿಂದ ಗೊತ್ತಾಗುವುದಿಲ್ಲ. ಇಂಥ ಕೇಸನ್ನು ಕಣ್ಣಾರೆ ನೋಡದೆ ನಾನಾದರೆ ಕೂಗುವುದಿಲ್ಲ. ಅದೂ ಒಂದು ಡಬ್ಬಿ ಬೆವರುತ್ತಿರುವಾಗ, ಇಡುವ ವ್ಯವಸ್ಥೆ ಇನ್ನೂ ಆಗದಿರುವಾಗ.

ದುಡ್ಡಿನ ಲೆಕ್ಕ. ನಿಮಗೆ 40 ಸಾವಿರ 60 ಆದದ್ದರಲ್ಲಿ ಆಶ್ಚರ್ಯವಿಲ್ಲ. ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್ ಸಾಮಾನ್ಯವಾಗಿ ನೂರಕ್ಕೆ 20ರಿಂದ 30 ಇರುತ್ತದೆ. ಅದಕ್ಕೆ ತೆರಿಗೆ, ಆನ್‌ಲೈನ್ ತಾಣದ ಶುಲ್ಕ, ವಿಮೆ ಸಹಿತ ಸಾಗಣೆ, ಇಲ್ಲಿ ಕಸ್ಟಮ್ಸ್ ಸುಂಕ. ವಿದೇಶದ ಹರಾಜಾದರೆ ಒಂದೂವರೆ ಪಟ್ಟು ಅಂತಲೇ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿ. ಬ್ಯಾಡ್ಜಿಗೆ ಒಟ್ಟು 45 ಸಾವಿರ ಹಾಕಬಲ್ಲಿರಾದರೆ ನಿಮ್ಮ ಕೂಗು 30 ಸಾವಿರಕ್ಕೆ ನಿಲ್ಲಬೇಕು. ಆ ಅಂಕಿಯನ್ನು ಹರಾಜಿನ ಹಿಂದಿನ ದಿನವೇ ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡಿ. ನೂರು ವರ್ಷ ದಾಟಿದ ವಸ್ತುಗಳಿಗೆ ಸುಂಕದ ವಿಭಾಗ ಬೇರೆ. ಬ್ಯಾಡ್ಜಿನ ವರ್ಷ ಹರಾಜಿನ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಪ್ಯಾಕಿಂಗ್ ಬಗ್ಗೆಯೂ ಮೊದಲೇ ಪತ್ರ ಬರೆಯಿರಿ. ಎನಾಮಲ್‌ಗೆ ಏನೂ ಒತ್ತಬಾರದು, ಎರಡು ಪೆಟ್ಟಿಗೆ ಒಂದರೊಳಗೊಂದು ಇರಬೇಕು.

ಕಾನೂನಿನ ಒಂದು ಮಾತು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ಕಲಾವಸ್ತುಗಳು ಪುರಾವಸ್ತು. ಅವನ್ನು ನೀವು ಮನೆಯಲ್ಲಿ ಇಟ್ಟುಕೊಳ್ಳಬಹುದು. ದೇಶದ ಹೊರಗೆ ಕಳಿಸುವ ಹಾಗಿಲ್ಲ. ವ್ಯಾಪಾರವಾಗಿ ಮಾರಲು ಪರವಾನಗಿ ಬೇಕು. ಮುತ್ತಜ್ಜನ ಬ್ಯಾಡ್ಜ್ 1920ರದ್ದಾದರೆ ಅದು ಈಗಾಗಲೇ ಆ ಸಾಲಿಗೆ ಸೇರಿದೆ. ಮುಂದೆ ಆಸ್ಟ್ರೇಲಿಯಾದಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳ ಜೊತೆ ಕಳಿಸೋಣ ಅಂತಿದ್ದರೆ ಅದು ಆಗುವ ಮಾತಲ್ಲ. ಲಂಡನ್ನಿನಿಂದ ತರಿಸುವ ಬ್ಯಾಡ್ಜ್ ಮತ್ತು ಮನೆಯ ಬ್ಯಾಡ್ಜ್ ಕಲಸಿಹೋಗದ ಹಾಗೆ ಎರಡರ ಮುಂದೆ-ಹಿಂದೆ ಫೋಟೋ ತೆಗೆದು, ಹರಾಜಿನ ಬಿಲ್, ಕಸ್ಟಮ್ಸ್ ರಸೀದಿ, ಸ್ಥಿತಿ ವರದಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಓರೆ ಬೆಳಕಿನ ಫೋಟೋ ಬಂದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಕೂಗುವ ದಿನಕ್ಕೆ ಮುಂಚೆ ನೋಡಿ ಬರೆಯುತ್ತೇನೆ.